ಹಿಂದಿಟ್ಟ ಹೆಜ್ಜೆ

ಸಾದಿರ್‌ಬೆಕ್‌ಗೆ ನಡೆದು ಹೋಗುವವರನ್ನು ಕಂಡರೆ ಆಗುತ್ತಿರಲಿಲ್ಲ. ಸರೋವರದ ದಡ ಹಿಡಿದು ಕರಾಕೋಲ್ ಪಟ್ಟಣದವರೆಗೆ ಹೋಗುವ ರಸ್ತೆಯಲ್ಲಿ ಬಾಡಿಗೆ ಕಾರು ಓಡಿಸುತ್ತಲೇ ಅವನ ಗಡ್ಡ ಬೆಳ್ಳಗಾಗಿತ್ತು. ಅಷ್ಟು ವರ್ಷದಲ್ಲಿ ಒಂದು ಕೋಳಿಯ ಮೇಲೂ ಚಕ್ರ ಹತ್ತಿಸಿದವನಲ್ಲ ಎಂಬ ಜಂಭ ಬೇರೆ. ಅದು ಸುಳ್ಳೂ ಅಲ್ಲ. ಆದರೆ ಅದನ್ನು ದಿನಾ ಕೇಳಬೇಕಾದ ಪ್ರಯಾಣಿಕರ ಪಾಡು ಯಾರಿಗೂ ಬೇಡ.

ಆ ದಿನ ಮಧ್ಯಾಹ್ನ ಪಕ್ಕದ ಸೀಟಿನಲ್ಲಿ ಕೂತಿದ್ದವಳು ಬುರುಲ್ಚಾ. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು, ಅವನಿಗಿಂತ ಹಿರಿಯಳು, ಮಾತಿನಲ್ಲಿ ಅವನಿಗೆ ಸೋಲದವಳು. ತೊಡೆಯ ಮೇಲೆ ಸೇಬಿನ ಚೀಲ ಇಟ್ಟುಕೊಂಡಿದ್ದಳು.

"ಕುರೀನೇ ವಾಸಿ ಅಕ್ಕಾ," ಎಂದ ಸಾದಿರ್‌ಬೆಕ್. "ಹೊರಟ್ರೆ ಹೊರಟ ಕಡೆಗೇ ಹೋಗತ್ತೆ. ಈ ಮನುಷ್ಯರಿದಾರಲ್ಲ, ಅರ್ಧ ದಾರಿಗೆ ಬಂದು ಮನಸ್ಸು ಬದಲಾಯಿಸ್ತಾರೆ. ರಸ್ತೆಗೆ ಕಾಲಿಟ್ಟ ಮೇಲೆ ಮುಂದಕ್ಕೇ ಹೋಗ್ಬೇಕು. ನಾನು ಅವ್ರ ಬೆನ್ನ ಹಿಂದಿಂದ ಹಾಯ್ದು ಹೋಗ್ತೀನಿ. ಇಷ್ಟೇ ಲೆಕ್ಕ."

"ಬ್ರೇಕ್ ಅಂತ ಒಂದಿದೆಯಲ್ಲಪ್ಪ, ಅದನ್ನ ಮಾರಿಬಿಟ್ಯಾ?"

"ಎಲ್ರಿಗೂ ಬ್ರೇಕ್ ಹಾಕ್ತಾ ಕೂತ್ರೆ ನೀವು ನಾಳೆ ಊರು ಸೇರ್ತೀರ."

ಬುರುಲ್ಚಾ ನಕ್ಕು ವಿಷಯ ಬದಲಿಸಿದಳು. "ನಿನ್ನ ಸೊಸೆ ಹೇಗಿದ್ದಾಳೆ? ಊರಲ್ಲೆಲ್ಲ ಅವಳದೇ ಹೊಗಳಿಕೆ."

ಸೊಸೆಯ ಹೆಸರೆತ್ತಿದರೆ ಸಾದಿರ್‌ಬೆಕ್ ಉಬ್ಬಿ ಹೋಗುತ್ತಿದ್ದ. ಐಜಿರೆಕ್ ಮನೆ ತುಂಬಿ ಇನ್ನೂ ವರ್ಷವಾಗಿರಲಿಲ್ಲ. ಬಂದ ಹೊಸತರಲ್ಲಿ ಒಂದು ಬೆಳಿಗ್ಗೆ ಬೂದಿಯ ಬಕೆಟ್ ಹಿಡಿದು ಅಂಗಳದಲ್ಲಿ ಅವನಿಗೆ ಅಡ್ಡ ಹಾಯ್ದಿದ್ದಳು. ಸೊಸೆಯಾದವಳು ಮಾವನ ದಾರಿಗೆ ಅಡ್ಡ ಬರಬಾರದು. ಸಾದಿರ್‌ಬೆಕ್ ಬೈಯಲಿಲ್ಲ. ಸುಮ್ಮನೆ ತಿರುಗಿ ಒಳಗೆ ಹೋಗಿ ಮಲಗಿದ, ಆ ದಿನ ಕಾರನ್ನೇ ತೆಗೆಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಅವನ ಹೆಂಡತಿ ಇಡೀ ದಿನ ಆ ಹುಡುಗಿಯ ಜೀವ ತಿಂದಳು. ಅಲ್ಲಿಂದೀಚೆಗೆ ಅವನು ಎಲ್ಲೇ ಕಾಣಲಿ, ಐಜಿರೆಕ್ ಇದ್ದಲ್ಲೇ ನಿಂತು, ಹಿಂದೆ ಸರಿದು, ತಲೆ ತಗ್ಗಿಸಿ, ಅವನು ದಾಟುವವರೆಗೆ ಕದಲುತ್ತಿರಲಿಲ್ಲ.

"ಬಂಗಾರದಂಥ ಹುಡುಗಿ," ಎಂದ. "ಒಂದೇ ಸಲ ಕಲಿಸಿದ್ದು ಅಕ್ಕಾ. ಎರಡನೇ ಸಲ ಹೇಳಿಸಿಕೊಂಡಿಲ್ಲ."

ಊರು ಹತ್ತಿರ ಬಂತು. ಅಂಗಡಿಯ ತಿರುವು ದಾಟಿದೊಡನೆ ಯಾರೋ ಹೆಂಗಸು ಕಪ್ಪು ಕೋಟು ತೊಟ್ಟು, ಹಿಟ್ಟಿನ ಚೀಲವನ್ನು ಹೆಗಲಿಗೇರಿಸಿಕೊಂಡು ರಸ್ತೆ ದಾಟುತ್ತಿದ್ದಳು. ಚೀಲದ ಮರೆಯಲ್ಲಿ ಮುಖ ಕಾಣಲಿಲ್ಲ. ಅರ್ಧಕ್ಕಿಂತ ಹೆಚ್ಚು ದಾಟಿಯಾಗಿತ್ತು. ಇನ್ನು ಕೆಲವು ಹೆಜ್ಜೆ ಇಟ್ಟರೆ ಆಚೆ ಬದಿ.

"ನೋಡಿ, ಇವಳೊಬ್ಳು," ಎನ್ನುತ್ತ ಸಾದಿರ್‌ಬೆಕ್ ಹಾರ್ನ್ ಒತ್ತಿದ. ಅಭ್ಯಾಸದಂತೆ ಅವಳ ಬೆನ್ನ ಹಿಂದಿನ ಜಾಗಕ್ಕೆ ಸ್ಟೇರಿಂಗ್ ತಿರುಗಿಸಿದ.

ಹೆಂಗಸು ತಿರುಗಿ ನೋಡಿದಳು. ನಿಂತಳು. ತಲೆ ತಗ್ಗಿಸಿ ಹಿಂದಕ್ಕೆ ಸರಿದಳು.

ಆಮೇಲೆ ಬ್ರೇಕ್ ಒತ್ತಿ ಏನು ಬಂತು. ಗಾಜಿನ ಮೇಲೆಲ್ಲ ಹಿಟ್ಟು. ಸೇಬುಗಳು ಕಾಲ ಬುಡದಲ್ಲಿ ಉರುಳಾಡಿದವು. ಬುರುಲ್ಚಾ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು.

ಸಾದಿರ್‌ಬೆಕ್ ಬಾಗಿಲು ತೆರೆದು ಇಳಿದಾಗ ಅವನ ಬಾಯಲ್ಲಿದ್ದದ್ದು ಬೈಗುಳವೇ. "ಬುದ್ಧಿ ಇದೆಯಾ ನಿಂಗೆ? ಮುಂದೆ ಹೋಗೋದು ಬಿಟ್ಟು ಹಿಂದಕ್ಕೆ ಯಾಕೆ ಬಂದೆ?" ಎಂದು ಅರಚುತ್ತಲೇ ಕಾರಿನ ಮುಂದಕ್ಕೆ ಬಂದ.

ರಸ್ತೆಯ ಮೇಲೆ ಐಜಿರೆಕ್ ಬಿದ್ದಿದ್ದಳು. ಒಂದು ಕಾಲು ತಿರುಗಬಾರದ ಕಡೆಗೆ ತಿರುಗಿತ್ತು. ಮುಖವೆಲ್ಲ ಹಿಟ್ಟು ಮೆತ್ತಿ ಕಣ್ಣು ಮಾತ್ರ ಕಾಣುತ್ತಿದ್ದವು. ಮಾವನನ್ನು ಕಂಡದ್ದೇ ಅವಳು ಮೊಣಕೈಯೂರಿ ಏಳಲು ನೋಡಿದಳು.

"ಅತಾ," ಎಂದಳು. ಹೆತ್ತ ತಂದೆಯನ್ನು ಕರೆಯುವ ಹಾಗೆಯೇ ಅವನನ್ನೂ ಕರೆಯುತ್ತಿದ್ದಳು. "ನಾನು ಅಡ್ಡ ಬರ್ಲಿಲ್ಲ. ನೋಡಿದ ತಕ್ಷಣ ನಿಂತ್ಕೊಂಡೆ. ಅಡ್ಡ ಬರ್ಲಿಲ್ಲ ಅತಾ."

ಸಾದಿರ್‌ಬೆಕ್‌ನ ಬಾಯಿ ತೆರೆದದ್ದು ತೆರೆದೇ ಇತ್ತು. ಬುರುಲ್ಚಾ ಇಳಿದು ಬಂದು ಅವನ ರಟ್ಟೆ ಹಿಡಿದು ಅಲುಗಾಡಿಸಬೇಕಾಯಿತು.

ಆಂಬುಲೆನ್ಸ್ ಅವಳನ್ನು ಕರೆದೊಯ್ದಿತು. ಸಾದಿರ್‌ಬೆಕ್ ಹತ್ತಲು ಹೋದರೆ ಪೊಲೀಸರು ಬಿಡಲಿಲ್ಲ. ಇನ್ನೂ ಮೀಸೆ ಬಲಿಯದ ಅಧಿಕಾರಿಯೊಬ್ಬ ಚಕ್ರದ ಗುರುತು ಅಳೆದ, ಬುರುಲ್ಚಾಳನ್ನು ಕೇಳಿದ, ಆಮೇಲೆ ಸಮಾಧಾನದ ಧ್ವನಿಯಲ್ಲಿ ಹೇಳಿದ: "ನಿಮ್ಮ ತಪ್ಪೇನಿಲ್ಲ ದೊಡ್ಡೋರೇ. ಇಲ್ಲಿ ದಾಟೋ ಗುರುತಿಲ್ಲ, ವೇಗಾನೂ ಜಾಸ್ತಿ ಇರ್ಲಿಲ್ಲ. ದಾಟ್ತಿದ್ದೋಳು ಇದ್ದಕ್ಕಿದ್ದ ಹಾಗೆ ಹಿಂದಕ್ಕೆ ಬಂದ್ರೆ ಯಾರು ತಾನೆ ಏನು ಮಾಡಕ್ಕಾಗತ್ತೆ."

ಜೀವಮಾನವಿಡೀ ಸಾದಿರ್‌ಬೆಕ್ ಊರಿಗೆಲ್ಲ ಸಾರಿಕೊಂಡು ಬಂದ ಮಾತೇ ಅದು.

"ಇದ್ದಕ್ಕಿದ್ದ ಹಾಗೆ ಬರ್ಲಿಲ್ಲ ಅವಳು," ಎಂದ. "ನಾನು ಕಲ್ಸಿದ್ದು. ಬ್ರೇಕೂ ಮೊದ್ಲೇ ಹಾಕ್ಲಿಲ್ಲ ನಾನು. ಹಾಕ್ಬೋದಿತ್ತು."

ಅಧಿಕಾರಿ ಬುರುಲ್ಚಾಳ ಮುಖ ನೋಡಿದ. ಮುದುಕನಿಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು.

"ಹಾಕ್ಬೋದಿತ್ತು," ಎಂದಳು ಬುರುಲ್ಚಾ. ಅವಳೇನೂ ಅವನನ್ನು ಉಳಿಸಲು ಹೋಗಲಿಲ್ಲ.

ಪೊಲೀಸರು ಬಿಟ್ಟ ಮೇಲೆ ಆಸ್ಪತ್ರೆಯಲ್ಲಿ ಕಾಯುತ್ತ ಸಾದಿರ್‌ಬೆಕ್ ಕಾರಿಡಾರಿನ ಈ ತುದಿಯಿಂದ ಆ ತುದಿಗೆ ನಡೆದ, ಮತ್ತೆ ನಡೆದ. ಅವಳು ಉಳಿದರೆ ಸಾಕು, ಕಾಲು ಹೋದರೂ ಸರಿ ಎಂದುಕೊಂಡ. ಮರುಕ್ಷಣ, ಈ ವಯಸ್ಸಿನ ಹುಡುಗಿಯ ಕಾಲನ್ನು ಅಷ್ಟು ಸಲೀಸಾಗಿ ಬಿಟ್ಟುಕೊಡಲು ನಾನ್ಯಾರು ಎಂದು ತನ್ನ ಮೇಲೆಯೇ ಸಿಟ್ಟಾದ.

ಕೊನೆಗೆ ಬಾಗಿಲು ತೆರೆಯಿತು. ಜೀವಕ್ಕೆ ಭಯವಿಲ್ಲ, ಕಾಲೂ ಉಳಿದಿದೆ, ನಡೆಯಲು ವರ್ಷವೇ ಬೇಕಾಗಬಹುದು ಎಂದು ಡಾಕ್ಟರಮ್ಮ ಹೇಳಿ ಹೋದಳು. ಹಿಂದೆಯೇ ಒಬ್ಬ ಆಯಾ ಗಾಲಿಮಂಚ ತಳ್ಳಿಕೊಂಡು ಬಂದಳು. ಕಾರಿಡಾರನ್ನು ಅಡ್ಡ ದಾಟಿ ಎದುರಿನ ಕೋಣೆಗೆ ಹೋಗಬೇಕಿತ್ತು. ಸಾದಿರ್‌ಬೆಕ್ ಕಾರಿಡಾರಿನಲ್ಲಿ ಆತುರಾತುರವಾಗಿ ಅತ್ತಲೇ ಬರುತ್ತಿದ್ದ.

"ನಿಲ್ಸಿ," ಎಂದಳು ಐಜಿರೆಕ್. ಮದ್ದಿನ ಮಂಪರಿನಲ್ಲಿ ನಾಲಿಗೆ ತೊದಲುತ್ತಿತ್ತು. "ಮಾವನವ್ರು ಬರ್ತಿದ್ದಾರೆ. ಅವ್ರು ಹೋಗ್ಲಿ ಮೊದ್ಲು."

ಅವನು ಗಕ್ಕನೆ ನಿಂತ. "ನಾನೆಲ್ಲಿಗೂ ಹೋಗ್ತಿಲ್ಲಮ್ಮ. ನೀನು ದಾಟು."

ಅವಳು ದಿಂಬಿನ ಮೇಲೆಯೇ ಆಗದೆಂದು ತಲೆಯಾಡಿಸಿದಳು. ಮಂಚದ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು.

"ಯಾರಾದ್ರೂ ಒಬ್ರು ಹೋಗಿ," ಎಂದಳು ಆಯಾ. "ನಂಗೆ ಬೇರೆ ಕೆಲ್ಸ ಇದೆ."

ಅವನು ಹಿಂದೆ ಸರಿದ. ಇನ್ನೂ ಸರಿದ. ಅವಳ ಹೆದರಿದ ಕಣ್ಣು ಅವನನ್ನು ಬಿಡಲಿಲ್ಲ. ಆಗ ಊರಿನ ಹಿರಿಯ, ಬಿಳಿ ಗಡ್ಡದವ, ಎಲ್ಲರೂ ನೋಡುತ್ತಿದ್ದ ಹಾಗೆಯೇ ಒರೆಸಿ ಇನ್ನೂ ಆರದ ನೆಲದ ಮೇಲೆ ಕುಸಿದು ಕೂತ.

"ಕೂತೋನಿಗೆ ದಾರಿ ಎಲ್ಲಿದೆ ಮಗಳೇ," ಎಂದ. "ಇನ್ನು ದಾಟು. ಹಿಂದಕ್ಕೆ ಮಾತ್ರ ಹೋಗ್ಬೇಡ."

ಆಯಾ ಮಂಚ ತಳ್ಳಿದಳು. ಅವನ ಮುಂದೆಯೇ ಹಾದು ಹೋಗುವಾಗ ಐಜಿರೆಕ್ ಹೊದಿಕೆಯನ್ನು ಮುಸುಕಿನಂತೆ ತಲೆಯ ಮೇಲೆ ಎಳೆದುಕೊಳ್ಳಲು ನೋಡುತ್ತಿದ್ದಳು.