ಗಿರಣಿಯ ಮಾಡಿನ ಮೇಲಿನ ಹಿಟ್ಟು

"ನೋಡು, ಮತ್ತೆ ನಿಂತೋಯ್ತು! ಬಿಸಿಲಿಗೆ ಹಿಟ್ಟು ಬೀಸೋಕೆ ಬರುತ್ತೇನೇ?"

ಅತ್ತೆಯ ಮಾತಿಗೆ, ಕಾಳಿನ ಚೀಲ ಹಿಡಿದು ಸಾಲಿನಲ್ಲಿದ್ದವರೆಲ್ಲ ನಕ್ಕರು. ಸೊಸೆಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹಠ ಹಿಡಿದು ಹಿಟ್ಟಿನ ಗಿರಣಿಗೆ ಸೋಲಾರ್ ಪ್ಯಾನೆಲ್ ಹಾಕಿಸಿದವಳು ಅವಳೇ. ಮೊದಲ ತಿಂಗಳು ಮೋಟಾರು ಕುದುರೆಯಂತೆ ಓಡಿತ್ತು. ಈಗ ನೆತ್ತಿ ಸುಡುವ ಬಿಸಿಲಲ್ಲೂ ತೂಕಡಿಸುತ್ತಿತ್ತು. ಈ ವಾರ ಎರಡು ಸಲ ಹಳೆಯ ಡೀಸೆಲ್ ಇಂಜಿನ್ ತಿರುಗಿಸಿದ್ದೇ ತಡ, ಅದರ ಹೊಗೆಗೆ ಅತ್ತೆಯ ಕೆಮ್ಮು ವಾಪಸ್ಸು ಬಂದಿತ್ತು. ಆ ಕೆಮ್ಮಿಗಾಗಿಯೇ ಸೊಸೆ ಇಷ್ಟೆಲ್ಲ ಒದ್ದಾಡಿದ್ದು. ಆದರೆ ಹೇಳುವುದು ಯಾರಿಗೆ?

"ನಾಳೆ ಮಧ್ಯಾಹ್ನದೊಳಗೆ ಸರಿ ಹೋಗ್ಲಿಲ್ವೋ, ಪ್ಯಾನೆಲ್ ಕೀಳಿಸ್ತೀನಿ," ಎಂದು ಅತ್ತೆ ಕಡ್ಡಿ ತುಂಡು ಮಾಡಿದಂತೆ ಹೇಳಿದರು.

ಸೊಸೆ ವೈರಕ್ಕನಿಗೆ ಹೇಳಿಕಳಿಸಿದಳು. ಊರಿಗೆಲ್ಲ ವೈರು ಎಳೆಯುವ ಎಲೆಕ್ಟ್ರಿಷಿಯನ್ ಅವಳು; ಈ ಅಡ್ಡಹೆಸರಿನ ಮುಂದೆ ಸ್ವಂತ ಹೆಸರು ಅವಳಿಗೇ ಮರೆತಿರಬೇಕು. ಬಂದವಳೇ ಸ್ವಿಚ್ ಆರಿಸಿ ಏಣಿ ಹತ್ತಿ ಗಹಗಹಿಸಿ ನಕ್ಕಳು.

"ಅಮ್ಮಾ, ಕುಣೀಲಾರದವಳು ನೆಲ ಡೊಂಕು ಅಂದ್ಳಂತೆ! ಸೂರ್ಯನ್ನ ಯಾಕೆ ಬೈತೀರಿ? ಇಲ್ಲಿ ಹಿಟ್ಟು ಕಲಸಿಟ್ಟಿದ್ದೀರಲ್ಲ!"

ಗಿರಣಿಯ ಧೂಳು ಹೊರಹೋಗುವ ಕೊಳವೆಯ ಬಾಯಿ ನೇರ ಪ್ಯಾನೆಲ್ ಕಡೆಗೇ ಇತ್ತು. ಹಗಲು ಹಾರಿದ ಹಿಟ್ಟು ಇಬ್ಬನಿಗೆ ನೆನೆದು ಗಂಜಿಯಂತೆ ಮೆತ್ತಿಕೊಂಡಿತ್ತು. ಸೊಸೆ ಹಣೆ ಚಚ್ಚಿಕೊಂಡಳು.

"ಈಗ್ಲೇ ನೀರು ಹಾಕ್ಲಾ ಅಕ್ಕಾ?"

"ಬೇಡ ಮಾರಾಯ್ತಿ! ಕಾದ ಗಾಜು ಬಿರುಕು ಬಿಡುತ್ತೆ. ಬೆಳಿಗ್ಗೆ ತಣ್ಣಗಿದ್ದಾಗ ತೊಳೆಯೋಣ."

"ಸರಿ, ಮೋಡ ಮುಚ್ಚಿದ್ರೆ?" ಅತ್ತೆ ಬಿಡಲಿಲ್ಲ.

"ನಿಧಾನ ಆಗುತ್ತೆ, ಸುಳ್ಳು ಯಾಕೆ ಹೇಳ್ಲಿ? ಕಾಳು ಹಿಂದಿನ ದಿನಾನೇ ತರಿಸಿಟ್ಕೊಳ್ಳಿ, ಬಿಸಿಲು ಬಿದ್ದಾಗ ಬೀಸಿ. ಇಂಜಿನ್ ಮಾತ್ರ ಬೇಡ. ಎಲ್ರೂ ಹೊಗೆ ಬಿಟ್ಟೂ ಬಿಟ್ಟೂ ತಾನೇ ಈ ಪಾಟಿ ಸೆಕೆ, ಹೊತ್ತಲ್ಲದ ಹೊತ್ತಲ್ಲಿ ಮಳೆ?"

ವೈರಕ್ಕ ಕೊಳವೆಯ ಬಾಯಿಯನ್ನು ಆಚೆಗೆ ತಿರುಗಿಸಿದಳು. ಮರುದಿನ ಬೆಳಿಗ್ಗೆ ಅವಳೂ ಸೊಸೆಯೂ ಮೆತ್ತನೆ ಬಟ್ಟೆಯಲ್ಲಿ ಪ್ಯಾನೆಲ್ ತೊಳೆದರು. ಬಿಸಿಲೇರಿತು. ಸೊಸೆ ಉಸಿರು ಬಿಗಿಹಿಡಿದು ಸ್ವಿಚ್ ಒತ್ತಿದಳು.

ಗಿರಣಿ ಗುಡುಗಿತು! ಬಿಸಿ ಹಿಟ್ಟು ಧೋ ಎಂದು ಸುರಿಯಿತು. ಸಾಲಿನವರು ಚಪ್ಪಾಳೆ ತಟ್ಟಿದರು, ಸೊಸೆ ಕುಣಿದೇಬಿಟ್ಟಳು. ಅತ್ತೆ ಹಿಟ್ಟನ್ನು ಬೊಗಸೆಯಲ್ಲಿ ಹಿಡಿದು ನಿಂತರು.

"ಆ ಮೊದಲ ತಿಂಗಳು ನಾನು ಒಂದಿನಾನೂ ಕೆಮ್ಮಿರ್ಲಿಲ್ಲ ಕಣೇ. ಈಗ ಹೊಳೀತು. ಇಂಜಿನ್ ಮಾರಿಬಿಡು."

ಸೊಸೆಯ ಕಣ್ಣು ತುಂಬಿತು.

ನಿಮ್ಮ ಸೋಲಾರ್ ಕೂಡ ಮುನಿಸಿಕೊಂಡಿದೆಯೇ? ಕೀಳಿಸುವ ಮೊದಲು ಬಲ್ಲವರನ್ನು ಕರೆದು ಮಾಡಿನ ಮೇಲೊಮ್ಮೆ ನೋಡಿಸಿ. ಸೂರ್ಯ ತನ್ನ ಕೆಲಸ ತಪ್ಪಿಸಿಲ್ಲ. ಒರೆಸುವ ಬಟ್ಟೆ ಮಾತ್ರ ನಮ್ಮ ಕೈಯಲ್ಲಿದೆ.