ಅಳಿಸಿ ಬರೆದ ಉತ್ತರ

ಶಾಮಿಯಾನದವರು ಕೊನೆಯ ಕುರ್ಚಿಗಳನ್ನು ಗಾಡಿಗೆ ಹೇರಿಕೊಂಡು ಹೋದ ಮರುದಿನ ಬೆಳಿಗ್ಗೆ ಮಹಾಂತಮ್ಮ ಎಂದಿನಂತೆ ಲಿಂಗಪೂಜೆ ಮುಗಿಸಿ, ಅಡುಗೆಮನೆಯ ಬಾಗಿಲಲ್ಲಿ ನಿಂತು, ತಿಂಡಿಗೆ ಏನು ಎಂದು ಸೊಸೆಯನ್ನು ಕೇಳಿದರು. ಮಗನನ್ನು ಮಣ್ಣು ಮಾಡಿ ಹನ್ನೆರಡು ದಿನವಾಗಿತ್ತು. ಅಲ್ಲಿಯವರೆಗೆ ಆ ಮನೆಯಲ್ಲಿ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ನೆಂಟರು ತಂದದ್ದನ್ನು ನೆಂಟರೇ ಬಡಿಸಿದ್ದರು. ಅವಲಕ್ಕಿ ಎಂದಳು ಉಮಾಮಹೇಶ್ವರಿ. ಅವಲಕ್ಕಿಯನ್ನೇ ಮಾಡಿದಳು. ಮಾವ ಷಣ್ಮುಖಪ್ಪ ಎರಡು ಸಲ ಹಾಕಿಸಿಕೊಂಡು ತಿಂದರು. ಉಪ್ಪು ಸ್ವಲ್ಪ ಮುಂದಾಗಿದೆ ಎಂದು ಮಹಾಂತಮ್ಮ ಹೇಳಿದರು. ಉಮಾ ಬಾಯಿಗಿಟ್ಟು ನೋಡಿದಳು. ಮುಂದಾಗಿತ್ತು.

ಮಲವಗೊಪ್ಪದ ಆ ಮನೆಯ ಮುಂದಿನಿಂದ ಹೋಗುವ ಬಸ್ಸು ಒಂದು ಕಡೆಗೆ ಭದ್ರಾವತಿ ಮುಟ್ಟುತ್ತದೆ, ಇನ್ನೊಂದು ಕಡೆಗೆ ಶಿವಮೊಗ್ಗ. ರುದ್ರೇಶ್ ಏಳು ವರ್ಷದಿಂದ ದಿನಾ ಭದ್ರಾವತಿಯ ಬಸ್ಸು ಹತ್ತುತ್ತಿದ್ದ. ಅಲ್ಲಿನ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರು. ಜುಲೈ ಕೊನೆಯ ಸೋಮವಾರ ಮಾತ್ರ ಶಿವಮೊಗ್ಗದ ಬಸ್ಸು ಹತ್ತಿದ. ಮೂರನೆಯ ದಿನ ಹೊಳಲೂರಿನ ಹತ್ತಿರ ಹೊಳೆಯಲ್ಲಿ ಸಿಕ್ಕಿದ. ಕಾಲು ತೊಳೆಯಲು ಇಳಿದು ಜಾರಿರಬೇಕು ಎಂದು ಷಣ್ಮುಖಪ್ಪ ಪೊಲೀಸರಿಗೆ ಹೇಳಿಕೆ ಕೊಟ್ಟರು. ಹೊಳೆ ತುಂಬಿತ್ತು, ಮೆಟ್ಟಿಲ ಮೇಲೆ ಪಾಚಿ ಇತ್ತು, ಪೊಲೀಸರು ಬರೆದುಕೊಂಡರು. ಕ್ರಿಯೆ ಮಾಡಿಸಲು ಬಂದ ಅಯ್ಯನವರಿಗೂ ಅದನ್ನೇ ಹೇಳಿದ್ದಾಯಿತು, ನೆಂಟರಿಗೂ ಅದನ್ನೇ. ಆ ಮಾತು ಎಷ್ಟು ಸಲ ಹೇಳಿಸಿಕೊಂಡಿತ್ತೆಂದರೆ, ಸ್ವತಃ ರುದ್ರೇಶನೇ ಎದ್ದು ಬಂದು ಅಲ್ಲವೆಂದಿದ್ದರೂ ಯಾರೂ ನಂಬುತ್ತಿರಲಿಲ್ಲ.

ತಿಂಡಿಯ ತಟ್ಟೆ ಎತ್ತುವಾಗ ಮಹಾಂತಮ್ಮ ಇನ್ನೊಂದು ವಿಷಯ ನೆನಪಿಸಿದರು. ರುದ್ರೇಶನ ಶಾಲೆಯ ಪಿ.ಟಿ. ಮೇಷ್ಟ್ರು ಹುಲಿಯಪ್ಪ ಎರಡು ಸಲ ಫೋನ್ ಮಾಡಿದ್ದರು. ಮೊದಲ ಸಲ ಅತ್ತು, ಸಮಾಧಾನ ಹೇಳಿ, ಆಮೇಲೆ ತಮ್ಮ ಸ್ಟಾಪ್‌ವಾಚು ಸಿಕ್ಕಿತೇ ಎಂದು ಕೇಳಿದ್ದರು. ಎರಡನೆಯ ಸಲ ಅಳದೆ ಕೇಳಿದ್ದರು. ತಾಲ್ಲೂಕು ಕ್ರೀಡಾಕೂಟ ಹತ್ತಿರ ಬಂದಿತ್ತು.

ಆ ಸ್ಟಾಪ್‌ವಾಚನ್ನು ರುದ್ರೇಶ್ ಕೇಳಿ ತಂದದ್ದು ಹೆಂಡತಿಗಾಗಿ. ಮದುವೆಗೆ ಮೊದಲು ಉಮಾ ಮನಃಶಾಸ್ತ್ರದಲ್ಲಿ ಬಿ.ಎ. ಮಾಡಿದ್ದಳು, ಕಾಲೇಜಿಗೇ ಮೊದಲಿಗಳಾಗಿ. ಆಮೇಲೆ ಆ ಓದು ಅವಳ ರೇಷ್ಮೆ ಸೀರೆಗಳ ಜೊತೆ ಕಪಾಟು ಸೇರಿತು. ಮಕ್ಕಳಾಗಲಿಲ್ಲ. ಎರಡು ಸಾವಿರದ ನಾಲ್ಕರಲ್ಲಿ ಪತ್ರಿಕೆಯ ಜಾಹೀರಾತೊಂದನ್ನು ಕತ್ತರಿಸಿ ತಂದವನು ರುದ್ರೇಶನೇ: ಹೊರರಾಜ್ಯದ ಒಂದು ವಿಶ್ವವಿದ್ಯಾಲಯ, ಇಂಟರ್ನೆಟ್ ಮೂಲಕವೇ ಎಂ.ಎಸ್ಸಿ. ಪಾಠ ಈಮೇಲಿನಲ್ಲಿ ಬರುತ್ತದೆ, ಉತ್ತರ ಈಮೇಲಿನಲ್ಲಿ ಹೋಗುತ್ತದೆ, ಗೈಡ್ ಮೇಡಂ ಒಬ್ಬರು ಅಲ್ಲೆಲ್ಲೋ ಕುಳಿತು ತಿದ್ದುತ್ತಾರೆ. ಪ್ರತಿ ಶನಿವಾರ ಉಮಾ ಶಿವಮೊಗ್ಗಕ್ಕೆ ಹೋಗಿ, ದುರ್ಗಿಗುಡಿಯ ಸೈಬರ್ ಸೆಂಟರಿನಲ್ಲಿ ಪಾಠಗಳನ್ನು ಪ್ರಿಂಟ್ ಹಾಕಿಸಿಕೊಂಡು ಬರುತ್ತಿದ್ದಳು. ಮುಖವನ್ನೇ ನೋಡದ ಮೇಡಮ್ಮಿಂದ ಮನಸ್ಸಿನ ವಿದ್ಯೆ ಕಲಿಯುವುದು ಮಹಾಂತಮ್ಮನಿಗೆ ದೊಡ್ಡ ತಮಾಷೆಯಾಗಿ ಕಂಡಿತ್ತು. ಆದರೆ ಡಿಗ್ರಿ ಕೈಗೆ ಬಂದರೆ ಶಿವಮೊಗ್ಗದ ಯಾವುದಾದರೂ ಶಾಲೆಯಲ್ಲಿ ಕೌನ್ಸೆಲರ್ ಕೆಲಸ ಸಿಗುತ್ತಿತ್ತು. ಆಗ ಅದು ಆಸೆ. ಈಗ ಆ ಮನೆಯಿಂದ ಹೊರಗೆ ಹೋಗಲು ಅವಳಿಗಿದ್ದ ಒಂದೇ ಬಾಗಿಲು.

ಬಾಕಿ ಉಳಿದದ್ದು ಪ್ರಾಕ್ಟಿಕಲ್ ರೆಕಾರ್ಡು. ಹನ್ನೆರಡು ಪ್ರಯೋಗ, ಒಂದು ಕೇಸ್. ಪ್ರಯೋಗಗಳಿಗೆ ಬೀದಿಯವರೆಲ್ಲ ಸಬ್ಜೆಕ್ಟ್ ಆಗಿ ಬಂದು ಕುಳಿತರು, ಕಾಫಿ ಕುಡಿದು ಎದ್ದರು. ಕೇಸ್ ಮಾತ್ರ ಕೂಡಿಬರಲಿಲ್ಲ. ಪಕ್ಕದ ಮನೆಯ ಪದ್ಮಮ್ಮನ ಹಲ್ಲಿಯ ಭಯದ ಬಗ್ಗೆ ಹದಿನೆಂಟು ಪುಟ ಬರೆದು ಕಳಿಸಿದರೆ, ಇದರಲ್ಲಿ ಕೇಸೇ ಇಲ್ಲ ಎಂದು ಮೇಡಂ ವಾಪಸ್ಸು ಮಾಡಿದರು. ಉಮಾ ಸೋತು ಕುಳಿತಾಗ ರುದ್ರೇಶ್ ತಾನೇ ಕೂರುತ್ತೇನೆ ಎಂದ. ಬಂಧುಗಳನ್ನು ಕೂರಿಸಬಾರದೆಂಬ ನಿಯಮವಿತ್ತು.

"ಪರಿಚಯದವರು ಅಂತ ಬರ್ಕೋ ಮಾರಾಯ್ತಿ" ಎಂದ ಅವನು. "ಕಾಯಿಲೆ ಇದೆ ಅಂತ ಬರಿ. ಯಾವ ಉತ್ತರಕ್ಕೆ ಮಾರ್ಕ್ಸ್ ಬರುತ್ತೋ ಅದನ್ನೇ ಕೊಡ್ತೀನಿ."

ಬೇಸಿಗೆ ರಜೆಯ ಮೂರು ಭಾನುವಾರ, ಊಟವಾದ ಮೇಲೆ, ಮಂಚದ ಮೇಲೆ ಎದುರುಬದುರು ಕುಳಿತರು. ಒಂದು ದಿನ ಪದಗಳ ಪರೀಕ್ಷೆ: ಅವಳು ಒಂದು ಪದ ಹೇಳಬೇಕು, ಅವನಿಗೆ ಮೊದಲು ಹೊಳೆದದ್ದನ್ನು ಅವನು ಹೇಳಬೇಕು, ನಡುವಿನ ಕಾಲವನ್ನು ಸ್ಟಾಪ್‌ವಾಚಿನಲ್ಲಿ ಅಳೆಯಬೇಕು. ಮರ ಅಂದರೆ ನೆರಳು, ಎರಡು ಸೆಕೆಂಡು. ತಾಯಿ ಅಂದರೆ ಅಡುಗೆ, ಎರಡೂವರೆ. ಇಪ್ಪತ್ತನೆಯದು, ಕೊನೆಯದು, ಗಂಟೆ. ಮೇಷ್ಟ್ರಾದವನಿಗೆ ಇದಕ್ಕಿಂತ ಸುಲಭದ ಪದವಿಲ್ಲ ಎಂದು ಅವಳು ನಗುತ್ತಲೇ ಕೇಳಿದ್ದಳು. ಅವನು ಗೋಡೆ ನೋಡಿದ. ಆಮೇಲೆ "ಮತ್ತೆ" ಎಂದ. ಹನ್ನೊಂದು ಪಾಯಿಂಟ್ ನಾಲ್ಕು ಸೆಕೆಂಡು. ನಟನೆ ಚೆನ್ನಾಗಿದೆ ಎಂದುಕೊಂಡು ಬರೆದುಕೊಂಡಳು.

ಇನ್ನೊಂದು ಭಾನುವಾರ ಪ್ರಶ್ನಾವಳಿ. ಕನ್ನಡಕ್ಕೆ ಮಾಡಿ ತಾನೇ ಕೈಯಲ್ಲಿ ಬರೆದದ್ದು. ನಿದ್ದೆ, ಹಸಿವು, ಕೆಲಸದ ಮೇಲಿನ ಮನಸ್ಸು. ಹೀಗೆ ಇಪ್ಪತ್ತೊಂದು ಪ್ರಶ್ನೆ, ಒಂದೊಂದಕ್ಕೂ ನಾಲ್ಕು ಉತ್ತರ. ಅವನು ಪೆನ್ಸಿಲ್ ಹಿಡಿದು ಸರಸರನೆ ಗುರುತು ಹಾಕಿ ಕೊಟ್ಟ. ಬದುಕು ಸಾಕೆನಿಸಿದೆಯೇ ಎಂಬುದರ ಮುಂದೆ 'ಯಾವಾಗಲೂ' ಎಂಬಲ್ಲಿ ಗುರುತಿತ್ತು. ಉಮಾ ಕೂಡಿ ನೋಡಿ ನಕ್ಕುಬಿಟ್ಟಳು. ಇಷ್ಟೊಂದು ಆದರೆ ಮೇಡಂ ನಂಬುವುದಿಲ್ಲ, ಸ್ವಲ್ಪ ಕಡಿಮೆ ಮಾಡಿ ಎಂದಳು. ಅವನು ರಬ್ಬರು ಕೇಳಿದ. ಎಂಟು ಕಡೆ ಅಳಿಸಿದ. 'ಯಾವಾಗಲೂ' ಇದ್ದದ್ದು 'ಆಗೊಮ್ಮೆ ಈಗೊಮ್ಮೆ' ಆಯಿತು. ಹಾಸಿಗೆಯ ಮೇಲೆ ಬಿದ್ದ ರಬ್ಬರಿನ ಪುಡಿಯನ್ನು ಅವನೇ ಕೊಡವಿದ.

ಜುಲೈ ಮೊದಲ ವಾರ ಮೇಡಂ ಉತ್ತರ ಬಂತು. ಕಡಿಮೆ ಮಾಡಿದ ಮೇಲೂ ಅದು ಕಡಿಮೆ ಇರಲಿಲ್ಲ. ಈ ವ್ಯಕ್ತಿಯನ್ನು ಕೂಡಲೇ ವೈದ್ಯರ ಬಳಿ ಕಳಿಸಿ ಎಂದು ಮೊದಲ ಸಾಲು. ಈ ವ್ಯಕ್ತಿ ನಿಜವೋ, ವಿದ್ಯಾರ್ಥಿಗಳು ಕಟ್ಟಿ ಬರೆಯುವ ಹಾಗೆ ನೀವೂ ಕಟ್ಟಿದ್ದೋ, ಆಗಸ್ಟ್ ಹದಿನಾಲ್ಕರೊಳಗೆ ತಿಳಿಸಿ ಎಂದು ಎರಡನೆಯದು. ನಿಜವಾದರೆ ಮುಂದೇನಾಯಿತೆಂಬ ವರದಿ ಬೇಕು. ಕಟ್ಟಿದ್ದಾದರೆ ಕೋರ್ಸಿನಿಂದ ಹೆಸರು ತೆಗೆಯಲಾಗುವುದು. ಉಮಾ ಅದನ್ನು ಗಂಡನಿಗೆ ಓದಿ ಹೇಳಿದಳು. ಅವನು ಕಿರುಪರೀಕ್ಷೆಯ ಪತ್ರಿಕೆ ತಿದ್ದುತ್ತಿದ್ದ.

"ಹಂಗಾದ್ರೆ ಕರ್ಕೊಂಡು ಹೋಗು ಡಾಕ್ಟ್ರ ಹತ್ರ" ಎಂದ.

ಅವಳು ನಕ್ಕಳು. ಸ್ವಲ್ಪ ತಡವಾಗಿ ಅವನೂ ನಕ್ಕ.

ಈಗ ಆಗಸ್ಟ್ ಹದಿನಾಲ್ಕು. ಶಿವಮೊಗ್ಗಕ್ಕೆ ಹೋಗಿ, ಕೇಸ್ ನಿಜವೋ ಕಟ್ಟಿದ್ದೋ ಎಂದು ಆ ಮೇಡಮ್ಮಿಗೆ ಉತ್ತರ ಬರೆಯಬೇಕು, ಇವತ್ತೇ ಕೊನೆಯ ದಿನ ಎಂದು ಉಮಾ ಅತ್ತೆಗೆ ಹೇಳಿದಳು. ಯಾರ ಕೇಸ್ ಎಂದು ಮಹಾಂತಮ್ಮ ಕೇಳಲಿಲ್ಲ. ಒಳಗೆ ಹೋಗಿ, ಹಾಸಿಗೆ ಬಿಸಿಲಿಗೆ ಹಾಕುವಾಗ ಅಡಿಯಲ್ಲಿ ಸಿಕ್ಕಿದ ಒಂದು ಹಾಳೆಯನ್ನು ತಂದರು. ಏಳನೆಯ ಕ್ಲಾಸಿನವರೆಗೆ ಓದಿದ ಹೆಂಗಸು. ನಿಧಾನವಾಗಿ, ಬೆರಳಿಟ್ಟು ಓದುತ್ತಿದ್ದರು. ಈ ಹಾಳೆಯನ್ನು ಅವರು ಎಷ್ಟು ಸಲ ಓದಿದ್ದರೋ, ಅಂಚು ಮೆತ್ತಗಾಗಿತ್ತು.

"ಇದು ರುದ್ರೇಶನ ಗುರುತಾ?"

"ಹೌದು ಅತ್ತೆ."

"ಮೊದಲು ಇಲ್ಲಿ ಹಾಕಿದಾನೆ. ಆಮೇಲೆ ಅಳಿಸಿದಾರೆ ಯಾರೋ."

"ಅವರೇ ಅಳಿಸಿದ್ದು."

"ಯಾಕೆ?"

ಹೊರಗೆ ಜಗಲಿಯಲ್ಲಿ ಷಣ್ಮುಖಪ್ಪ ಪೇಪರು ಓದುತ್ತಿದ್ದರು. ಹಾಳೆ ಮಗುಚುವ ಸದ್ದು ನಿಂತಿತು.

"ನಾನೇ ಹೇಳ್ದೆ. ಜಾಸ್ತಿಯಾಯ್ತು, ಕಡಿಮೆ ಮಾಡಿ ಅಂದೆ."

ಮಹಾಂತಮ್ಮ ಎದೆ ಬಡಿದುಕೊಳ್ಳಲಿಲ್ಲ. ಕೈ ಎತ್ತಲಿಲ್ಲ. ಅವಲಕ್ಕಿಗೆ ಉಪ್ಪು ಮುಂದಾಯಿತೆಂದು ಹೇಳಿದ ದನಿಯಲ್ಲೇ ಮಾತಾಡಿದರು.

"ನನ್ನ ಮಗ ಕಾಲು ಜಾರಿ ಹೋದ. ತಿಳೀತಾ? ಇದೆಲ್ಲ ಸುಳ್ಳು, ಮಾರ್ಕ್ಸಿಗೋಸ್ಕರ ಕೂತು ಕಟ್ಟಿದ್ದು ಅಂತ ಬರಿ ಅವಳಿಗೆ."

ಹಾಗೆ ಬರೆದರೆ ಹೆಸರು ತೆಗೆಯುತ್ತಾರೆ, ಎರಡು ವರ್ಷ ನೀರಿಗೆ ಹೋಗುತ್ತದೆ ಎಂದಳು ಉಮಾ. ಹೇಳಿದ ಮೇಲೆ ನೀರು ಎಂಬ ಮಾತು ಇಬ್ಬರ ನಡುವೆ ಉಳಿಯಿತು.

"ಹೋಗ್ಲಿ" ಎಂದರು ಮಹಾಂತಮ್ಮ. "ಎರಡು ವರ್ಷ ಓದಿದೆ. ಎದುರಿಗೆ ಕೂತವನ ಮುಖ ಓದಕ್ಕೆ ಬರಲಿಲ್ಲ ನಿಂಗೆ. ಆ ಓದು ಇನ್ಯಾರಿಗೆ ಬೇಕು?"

ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಬಚ್ಚಲೊಲೆಗೆ ಹಾಕಿದರು. ನೀರು ಕಾದಿದೆ, ಸ್ನಾನ ಮಾಡಿ ಹೋಗು ಎಂದರು. ಜಗಲಿಯಲ್ಲಿ ಪೇಪರಿನ ಹಾಳೆ ಮಗುಚಿತು.

ಬಸ್ಸಿನಲ್ಲಿ ಉಮಾ ಎರಡೂ ಉತ್ತರಗಳನ್ನು ಮನಸ್ಸಿನಲ್ಲಿ ಬರೆದು ನೋಡಿದಳು. ಕಟ್ಟಿದ್ದು ಎಂದರೆ ಅತ್ತೆ ಮಾವನ ಮಾತು ಉಳಿಯುತ್ತದೆ, ತನ್ನ ದಾರಿ ಮುಚ್ಚುತ್ತದೆ, ರುದ್ರೇಶ್ ಹೆಂಡತಿಯ ಮಾರ್ಕ್ಸಿಗಾಗಿ ವೇಷ ಕಟ್ಟಿದವನಾಗಿ ಉಳಿಯುತ್ತಾನೆ. ನಿಜ ಎಂದರೆ ಡಿಗ್ರಿ ಸಿಗುತ್ತದೆ. ವೈದ್ಯರ ಬಳಿ ಕಳಿಸಿ ಎಂದದ್ದನ್ನು ಓದಿಯೂ ಕಳಿಸದವಳಿಗೆ ಡಿಗ್ರಿ. ನಿಜ ಹೇಳುವುದರಲ್ಲಿ ಲಾಭವೂ ಇದೆಯಲ್ಲ ಎನಿಸಿತು ಅವಳಿಗೆ.

ಸೈಬರ್ ಸೆಂಟರಿನ ವೀಣಾ ಅವಳನ್ನು ನೋಡಿ ಎದ್ದು ನಿಂತಳು. ಮೂಲೆಯ ಕಂಪ್ಯೂಟರ್ ಇವತ್ತು ಸ್ವಲ್ಪ ಸ್ಲೋ ಇದೆ ಎಂದಳು. ಉಮಾ ಮೂಲೆಗೇ ಹೋಗಿ ಕುಳಿತಳು. ಮೇಡಂ ಇನ್ನೊಂದು ನೆನಪೋಲೆ ಕಳಿಸಿದ್ದರು, ಒಂದೇ ಸಾಲು.

ಸಬ್ಜೆಕ್ಟ್ ನಿಜ ಎಂದು ಉಮಾ ಟೈಪ್ ಮಾಡಿದಳು. ಮುಂದಿನ ವರದಿ: ಜುಲೈ ಮೂವತ್ತೊಂದರಂದು ಸಬ್ಜೆಕ್ಟ್ ಪ್ರಾಣ ಕಳೆದುಕೊಂಡರು. ಇಷ್ಟು ಸಾಕಾಗಿತ್ತು. ಇಷ್ಟಕ್ಕೇ ಕಳಿಸಿದ್ದರೆ ರೆಕಾರ್ಡು ಪಾಸಾಗುತ್ತಿತ್ತು. ಆದರೆ ಅವಳ ಕೈ ಮೌಸಿನ ಮೇಲೆ ಹಾಗೇ ಕುಳಿತಿತ್ತು. ಅಳಿಸಿದ ಗುರುತು ಒಲೆಗೆ ಹೋಗಿತ್ತು. ಮೇಡಮ್ಮಿಗೆ ಕಳಿಸಿದ ಸ್ಕ್ಯಾನಿನಲ್ಲಿ ಅಳಿಸಿದ್ದು ಮೂಡಿರಲಿಲ್ಲ. ಅಲ್ಲಿ ರುದ್ರೇಶನಿಗೆ ಬದುಕು ಆಗೊಮ್ಮೆ ಈಗೊಮ್ಮೆ ಮಾತ್ರ ಸಾಕೆನಿಸಿತ್ತು. ಅವನು ಮೊದಲು ಹೇಳಿದ್ದೇನೆಂದು ಇನ್ನೆಲ್ಲಿಯೂ ಇರಲಿಲ್ಲ. ಅವಳು ಇನ್ನೊಂದು ಸಾಲು ಸೇರಿಸಿದಳು: ಎಂಟು ಪ್ರಶ್ನೆಗಳಿಗೆ ಸಬ್ಜೆಕ್ಟ್ ಮೊದಲು ಕೊಟ್ಟ ಉತ್ತರ ಇನ್ನೂ ತೀವ್ರವಾಗಿತ್ತು, ನಾನು ಹೇಳಿದ್ದರಿಂದ ಬದಲಾಯಿಸಿದರು. ಎಂಟನ್ನೂ ನೆನಪಿನಿಂದ, ನಂಬರು ಹಾಕಿ, ಹಳೆಯ ಉತ್ತರ ಸಮೇತ ಬರೆದಳು. ಕಳಿಸಿದಳು.

ಮೇಡಂ ಆ ಹೊತ್ತಿಗೆ ಕಂಪ್ಯೂಟರಿನ ಮುಂದೆಯೇ ಇದ್ದರೆಂದು ಕಾಣುತ್ತದೆ. ಇಪ್ಪತ್ತು ನಿಮಿಷದಲ್ಲಿ ಉತ್ತರ ಬಂತು. ನಿಮ್ಮ ಪರಿಚಿತರ ಸಾವಿಗೆ ವಿಷಾದಿಸುತ್ತೇನೆ. ಪರೀಕ್ಷಕರೇ ಉತ್ತರಗಳ ಮೇಲೆ ಪ್ರಭಾವ ಬೀರಿರುವುದರಿಂದ ಈ ಕೇಸನ್ನು ಸ್ವೀಕರಿಸಲಾಗದು. ನೀವು ಪ್ರಾಮಾಣಿಕವಾಗಿ ಒಪ್ಪಿಕೊಂಡಿರುವುದರಿಂದ ಕೋರ್ಸಿನಿಂದ ತೆಗೆಯುತ್ತಿಲ್ಲ. ಮುಂದಿನ ಅವಧಿಯೊಳಗೆ ಬೇರೊಬ್ಬ ಸಬ್ಜೆಕ್ಟನ್ನು ಹುಡುಕಿಕೊಳ್ಳಿ.

ಉಮಾ ಅದನ್ನು ಎರಡು ಸಲ ಓದಿದಳು. ತಪ್ಪು ಹುಡುಕಲು ಏನೂ ಇರಲಿಲ್ಲ. ಪ್ರಿಂಟ್ ಬೇಕಾ ಅಕ್ಕ ಎಂದು ವೀಣಾ ಕೇಳಿದಳು. ಬೇಡ ಎಂದಳು.

ಭದ್ರಾವತಿಯ ಬಸ್ಸು ಮಲವಗೊಪ್ಪದಲ್ಲಿ ನಿಂತಾಗ ಅವಳು ಇಳಿಯಲಿಲ್ಲ. ಕಿಟಕಿಯಿಂದ ಮನೆ ಕಂಡಿತು. ಜಗಲಿಯ ಮೇಲೆ ಮಹಾಂತಮ್ಮ ಹಾಸಿಗೆಯನ್ನು ಇನ್ನೊಂದು ಮಗ್ಗುಲಿಗೆ ತಿರುವಿ ಹಾಕುತ್ತಿದ್ದರು.

ಶಾಲೆಯ ಮೈದಾನದಲ್ಲಿ ಸುಣ್ಣದ ಗೆರೆ ಎಳೆದಿದ್ದರು. ಹುಲಿಯಪ್ಪ ಮೇಷ್ಟ್ರು ಕೈಗಡಿಯಾರ ನೋಡಿಕೊಂಡು ಹೆಣ್ಣುಮಕ್ಕಳನ್ನು ಓಡಿಸುತ್ತಿದ್ದರು. ಅವಳನ್ನು ಕಂಡು ಸೀಟಿಯನ್ನು ಬಾಯಿಂದ ತೆಗೆದರು. ನೀವ್ಯಾಕೆ ಬರಕ್ಕೆ ಹೋದ್ರಿ, ನಾನೇ ಬಂದು ಇಸ್ಕೋತಿದ್ದೆ ಎಂದರು. ಉಮಾ ಚೀಲದಿಂದ ಸ್ಟಾಪ್‌ವಾಚು ತೆಗೆದಳು. ಅದರ ಮುಖದಲ್ಲಿ ಹನ್ನೊಂದು ಪಾಯಿಂಟ್ ನಾಲ್ಕು ನಿಂತಿತ್ತು. ಆ ಭಾನುವಾರದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ.

ಕೊಟ್ಟು ಹೊರಟವಳನ್ನು ಹುಲಿಯಪ್ಪ ಸುಮ್ಮನೆ ಕಳಿಸಬಾರದೆಂದು ಮಾತಿಗೆಳೆದರು. ಸತ್ತವನ ಬಗ್ಗೆ ಒಂದು ಒಳ್ಳೆಯ ಮಾತು ಆಡಬೇಕಿತ್ತು ಅವರಿಗೆ.

"ಎರಡು ವಾರ ಅಂತ ತಗೊಂಡೋಗಿದ್ರು ಮೇಷ್ಟ್ರು. ಜೂನಲ್ಲಿ ಕೇಳ್ದೆ, ಜುಲೈನಲ್ಲಿ ಎರಡು ಸಲ ಕೇಳ್ದೆ. ಇನ್ನೂ ಒಂದು ಟೆಸ್ಟ್ ಬಾಕಿ ಇದೆ ಹುಲಿಯಪ್ಪ, ಅವಳು ಇನ್ನೊಂದ್ಸಲ ಕೇಳ್ತಾಳೆ, ಕೇಳಿದ್ಮೇಲೆ ತಂದ್ಕೊಡ್ತೀನಿ ಅಂತಿದ್ರು. ನಿಮ್ಮ ಓದಂದ್ರೆ ಅಷ್ಟು ಇದು ಅವರಿಗೆ. ಆಯ್ತಾ ಆ ಟೆಸ್ಟು?"

ಟೆಸ್ಟುಗಳೆಲ್ಲ ಮೇ ತಿಂಗಳಲ್ಲೇ ಮುಗಿದಿದ್ದವು.

"ಇಲ್ಲ" ಎಂದಳು ಉಮಾ.

ಹುಲಿಯಪ್ಪ ತಲೆಯಾಡಿಸಿದರು. ಸ್ಟಾಪ್‌ವಾಚನ್ನು ಬಿಸಿಲಿಗೆ ಹಿಡಿದು, ಇಷ್ಟು ದಿನ ಬಿದ್ದಿದ್ದು ನಡೆಯುತ್ತದೋ ಇಲ್ಲವೋ ಎಂದು ಗುಂಡಿ ಒತ್ತಿದರು. ಎಲ್ಲ ಸೊನ್ನೆಯಾಯಿತು. ಮತ್ತೆ ಒತ್ತಿದರು, ಅಂಕಿಗಳು ಓಡಿದವು. ಸರಿಯಾಗಿದೆ ಎಂದು ಸೊನ್ನೆಗೆ ತಂದು, ದಾರವನ್ನು ಕೊರಳಿಗೆ ಹಾಕಿಕೊಂಡು, ಗೆರೆಯ ಮೇಲೆ ಕಾದು ನಿಂತಿದ್ದ ಹುಡುಗಿಯರ ಕಡೆಗೆ ತಿರುಗಿದರು.