ಸೀಟಿನಡಿಯ ಬಿಸಿ

ನಿತೇಶ ಅಂಕೋಲಾದಲ್ಲಿ ಕಾರುಗಳಿಗೆ ಸ್ಟೀರಿಯೋ ಹಾಕುವ ಅಂಗಡಿ ತೆರೆದಾಗ ಮೊದಲ ಸೆಟ್ಟನ್ನು ಅಕ್ಕನ ಕಾರಿಗೇ ಕೂರಿಸಿದ್ದ. ಅಲ್ಲಿಯವರೆಗೆ ಅವನ ಕೈ ಪಳಗಿದ್ದು ಮೀನುಗಾರಿಕೆಯ ಬೋಟುಗಳಿಗೆ ಸೆಟ್ಟು ಹಾಕಿ. ಬಲೆ ಬಿಟ್ಟು ಕಾಯುವವರಿಗೆ ರಾತ್ರಿಯಿಡೀ ಹಾಡು ಬೇಕು. ಕಾರವಾರದ ಹಬ್ಬುವಾಡದಿಂದ ಕದ್ರಾದ ಶಾಲೆಗೆ ಪಾಠ ಮಾಡಲು ಹೋಗುವಾಗ ಮಾನಸಾ ಹಾಡಿಗಿಂತ ಹೆಚ್ಚಾಗಿ ತಮ್ಮನನ್ನು ನೆನೆದು ಹಿಗ್ಗುತ್ತಿದ್ದಳು.

ಆಮೇಲೊಂದು ಬೆಳಿಗ್ಗೆ ಕಾರು ಶುರುವಾಗಲಿಲ್ಲ. ಬ್ಯಾಟರಿ ಇಳಿದುಹೋಗಿತ್ತು. ಫೋನಿನಲ್ಲಿ ನಿತೇಶ ನಕ್ಕ. "ಲೈಟ್ ಆರ್ಸಿಲ್ಲ ನೀನು, ಅಕ್ಕಾ. ಮತ್ತೆಂತದು?"

ಆರಿಸಿದ ನೆನಪಿತ್ತು. ಆದರೂ ಮರೆತಿರಬಹುದು ಎಂದುಕೊಂಡಳು. ಮತ್ತೆ ಹಾಗೇ ಆಯಿತು. ಮತ್ತೂ ಆಯಿತು.

ಅವರ ತಾಯಿ ಹೀರಾ ಕೊನೆಗೆ ಮಕ್ಕಳ ಗುರುತೇ ಹತ್ತದೆ ತೀರಿಕೊಂಡವಳು. ಮರೆವು ಶುರುವಾದ ಹೊಸತರಲ್ಲಿ ಮಾಡಿದ ಕೆಲಸ ನೆನಪಿರಲೆಂದು ಸೆರಗಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. ಈಗ ಮಾನಸಾ ಕಾರಿನ ದೀಪ ಆರಿಸಿ, ಬಾಗಿಲು ಎಳೆದು ನೋಡಿ, ತನ್ನ ಸೆರಗಿಗೆ ಗಂಟು ಹಾಕತೊಡಗಿದಳು. ಬೆಳಿಗ್ಗೆ ಗಂಟು ಇರುತ್ತಿತ್ತು, ಕಾರು ಸತ್ತಿರುತ್ತಿತ್ತು. ಹಾಗಾದರೆ ಗಂಟು ಹಾಕಿದ ಮೇಲೆ ತಾನೇ ಹೋಗಿ ದೀಪ ಹಚ್ಚಿದೆನೇ?

ಊಟಕ್ಕೆ ಬಂದಾಗ ನಿತೇಶ ಆ ಗಂಟು ನೋಡಿದ. "ಅಯ್ಯೋ, ಅಮ್ಮನ ಸೆರಗು ನಿಂಗೇ ಬಂತನಾ?"

"ತಮ್ಮಾ, ಖರೆ ಹೇಳು. ನಂಗೂ ಹಂಗೇ ಆಗ್ತಿದ್ಯಾ?"

ಅವನು ಬಂಗುಡೆಯ ಮುಳ್ಳು ಬಿಡಿಸುತ್ತಿದ್ದ. ತಲೆ ಎತ್ತಲಿಲ್ಲ. "ಒಂದ್ಸಲ ಡಾಕ್ಟರಿಗೆ ತೋರ್ಸಿಡು. ತೋರ್ಸಿದ್ರೆ ತಪ್ಪೆಂತ ಇಲ್ಲ."

ಭಾನುವಾರ ನಸುಕಿಗೇ ಎದ್ದು ಅವಳು ಕಾರಿನ ಬಾಗಿಲು ತೆಗೆದಳು. ದೀಪದ ಸ್ವಿಚ್ಚು ಆರಿಸಿದಂತೇ ಇತ್ತು, ಆದರೂ ಕಾರು ಶುರುವಾಗಲಿಲ್ಲ. ಕೀಲಿ ಕಿತ್ತಾಗ ಜಾರಿ ಸೀಟಿನಡಿ ಬಿತ್ತು. ತಡಕಿದಾಗ ಬೆರಳಿಗೆ ತಾಗಿದ್ದು ಸ್ಟೀರಿಯೋದ ಸದ್ದು ಹೆಚ್ಚಿಸುವ ಕಬ್ಬಿಣದ ಡಬ್ಬ. ರಾತ್ರಿಯಿಡೀ ಇಬ್ಬನಿಯಲ್ಲಿ ನಿಂತ ಕಾರಿನೊಳಗೆ ಅದೊಂದೇ ಬಿಸಿಯಾಗಿತ್ತು.

ಅಕ್ಕಪಕ್ಕದವರು ತಳ್ಳಿ ಕಾರು ಶುರು ಮಾಡಿಕೊಟ್ಟರು. ನಡುವೆ ಎಲ್ಲೂ ಎಂಜಿನ್ ಆರಿಸದೆ ಅವಳು ಅಂಕೋಲಾ ಮುಟ್ಟಿದಳು.

"ಡಬ್ಬ ಬಿಸಿ ಇತ್ತು, ನಿತೇಶ."

ಅವನ ಮುಖ ಸಣ್ಣದಾಯಿತು. "ಬೋಟಿಗೆ ಹಾಕ್ದಂಗೇ ಅದ್ರ ವೈರು ನೇರ ಬ್ಯಾಟರಿಗೆ ಕೊಟ್ಬಿಟ್ಟಿದ್ದೆ. ಅಲ್ಲಿ ಎಂಜಿನ್ ಓಡ್ತಾ ಇರ್ತದೆ, ನಡೀತದೆ. ಕಾರಲ್ಲಿ ಕೀಲಿಯ ವೈರಿಗೆ ಕೊಡ್ಬೇಕಿತ್ತು, ಇಲ್ದಿದ್ರೆ ಕೀಲಿ ತೆಗೆದ್ರೂ ರಾತ್ರಿಯಿಡೀ ಬ್ಯಾಟರಿ ತಿಂತದೆ."

"ಯಾವಾಗ ಗೊತ್ತಾಯ್ತು?"

"ನೀ ಎರಡನೇ ಸಲ ಫೋನ್ ಮಾಡ್ದಾಗ." ಅವನು ದನಿ ತಗ್ಗಿಸಿದ. "ಹೊಸ ಅಂಗಡಿ, ಅಕ್ಕಾ. ಸ್ವಂತ ಅಕ್ಕನ ಕಾರೇ ಕೆಡಿಸ್ದ ಅಂತ ಊರೆಲ್ಲ ಆಡ್ಕೊಳ್ತಿತ್ತು. ಪುರಸೊತ್ತಾದಾಗ ಸದ್ದಿಲ್ದೆ ಸರಿ ಮಾಡ್ವ ಅಂತಿದ್ದೆ."

"ಡಾಕ್ಟರಿಗೆ ತೋರ್ಸು ಅಂದೆಯಲ್ಲ, ಅದೂ ಗೊತ್ತಾದ ಮೇಲೆ."

ನಿತೇಶ ಸ್ಕ್ರೂಡ್ರೈವರ್ ಎತ್ತಿಕೊಂಡ. "ಈಗ್ಲೇ ವೈರ್ ಬದಲ್ಸ್ತೆ. ಕೂತ್ಕೋ."

"ಬದಲ್ಸೋದು ಬೇಡ. ಬಿಚ್ಚು. ಎಲ್ಲಾ ಬಿಚ್ಚು."

ಕಾರವಾರದ ಕಡೆ ತಿರುಗಿದಾಗ ಸೆಟ್ಟು ಇದ್ದ ಜಾಗದಲ್ಲಿ ತೂತು ಬಾಯಿ ತೆರೆದಿತ್ತು. ಅಂದು ಸಂಜೆ ಅವಳು ದೀಪ ಆರಿಸಿ, ಬಾಗಿಲು ಎಳೆದು ನೋಡಿದಳು. ಗಂಟು ಹಾಕಬಾರದೆಂದುಕೊಂಡು ಒಳಗೆ ಬಂದಳು. ಬೆರಳುಗಳು ಸೆರಗಿನ ತುದಿಯಲ್ಲೇ ಇದ್ದವು.